ಟಾಮಿಯಾ ಪಿಎಸ್ ಸ್ಪ್ರೇ: ಆರ್‌ಸಿ ಟ್ರಕ್ಕಿನ ಬಾಡಿ ಮೇಲೆ ಹೊಡೆದು ಒಂದು ವರ್ಷ ಆದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನೇನು ಪೇಂಟರ್ ಅಲ್ಲ, ಭಾನುವಾರ ಬೆಳಗ್ಗೆ ಮಗನ ಜೊತೆ ಲೇಔಟ್ ಹಿಂದಿನ ಖಾಲಿ ಸೈಟಲ್ಲಿ ಆರ್‌ಸಿ ಟ್ರಕ್, ಅಂದ್ರೆ ರಿಮೋಟಲ್ಲಿ ಓಡೋ ಆಟದ ಟ್ರಕ್ ಓಡ್ಸೋನು ಅಷ್ಟೆ. ನಮ್ದು 1/10 ಸೈಜಿಂದು (ನಿಜವಾದ ಗಾಡಿಯ ಹತ್ತನೇ ಒಂದು ಭಾಗ), ಬ್ಯಾಟರಿ ಗಾಡಿ. ಜೊತೆಗೆ ಬಂದಿದ್ದ ಬಾಡಿ ಜಲ್ಲಿ ರಾಶಿಗೆ ಗುದ್ದಿಗುದ್ದಿ ಸೀಳಿಹೋಯ್ತು, ಹೊಸದು ಬಣ್ಣ ಹೊಡ್ದಿರೋದು ತಗೊಂಡ್ರೆ ಜಾಸ್ತಿ ದುಡ್ಡು ಅಂತ ಗಾಜಿನ ಥರ ಇರೋ ಕ್ಲಿಯರ್ ಬಾಡಿ ತರಿಸ್ದೆ, ಬಣ್ಣ ತಾನೆ, ನಾವೇ ಹೊಡ್ಕೊಂಡ್ರಾಯ್ತು ಅಂತ.

ಮೊದಲ ಬಾಡಿ ಕಥೆ ಕೇಳಿ. ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡೀಲಿ ಬೈಕ್ ಟ್ಯಾಂಕಿಗೆ ಹೊಡೆಯೋ ಕೆಂಪು ಸ್ಪ್ರೇ ತಂದೆ. "ಪ್ಲಾಸ್ಟಿಕ್ಕಿಗೆ ಹಿಡಿಯತ್ತಾ?" ಅಂದ್ರೆ "ಯಾವುದಕ್ಕಾದ್ರೂ ಹಿಡಿಯತ್ತೆ ಸಾರ್, ಹೊಡೀರಿ" ಅಂದ್ರು. ಹೊರಗಡೆಯಿಂದ ಹೊಡೆದೆ, ಆಹಾ ಏನ್ ಶೈನಿಂಗು, ಶೋರೂಮಿಂದ ಈಗ್ತಾನೆ ಇಳಿಸ್ದಂಗಿತ್ತು. ಎರಡನೇ ಭಾನುವಾರ ಗಾಡಿ ಪಲ್ಟಿ ಹೊಡೀತು ನೋಡಿ, ಹಳೇ ಗೋಡೆ ಸುಣ್ಣ ಉದುರೋ ಥರ ಚಕ್ಕೆ ಚಕ್ಕೆ ಎದ್ದು ಬಂತು. ಮಗ ಅದನ್ನ ಉಗುರಲ್ಲಿ ಕೀಳ್ತಾ ಕೂತ, ಅವನಿಗೆ ಅದೇ ಆಟ. ತಪ್ಪು ನಂದೇ ಬಿಡಿ. ಈ ಬಾಡಿ ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್ಕು, ಲೆಕ್ಸಾನ್ ಅಂತಲೂ ಕರೀತಾರೆ, ಗುದ್ದಿದ್ರೆ ಅಷ್ಟು ಸುಲಭಕ್ಕೆ ಒಡೆಯಲ್ಲ, ಬಗ್ಗಿ ವಾಪಸ್ ಬರತ್ತೆ. ಮಾಮೂಲಿ ಪೇಂಟು ಒಣಗಿದ್ಮೇಲೆ ಗಟ್ಟಿಯಾಗಿ ಕೂರತ್ತೆ, ಬಗ್ಗಲ್ಲ. ಪ್ಲಾಸ್ಟಿಕ್ ಬಗ್ತು, ಬಣ್ಣ ಬಗ್ಲಿಲ್ಲ, ಉದುರ್ತು.

ಆಮೇಲೆ ತಂದಿದ್ದೇ ಈ ಟಾಮಿಯಾ ಪಿಎಸ್. ಜಪಾನಿನ ಶಿಜುವೊಕಾದ ಕಂಪನಿ, ಪಿಎಸ್ ಅನ್ನೋ ಸಾಲು ಪಾಲಿಕಾರ್ಬೊನೇಟಿಗೆ ಅಂತಲೇ ಮಾಡಿರೋದು. ತಗೋಬೇಕಾದ್ರೆ ಹುಷಾರು, ಅವರದ್ದೇ ಟಿಎಸ್ ಅಂತ ಇನ್ನೊಂದು ಸಾಲಿದೆ, ಅದು ಗಟ್ಟಿ ಪ್ಲಾಸ್ಟಿಕ್ ಮಾಡೆಲ್‌ಗಳಿಗೆ, ಕ್ಲಾಡ್ ಬಸ್ಟರ್ ಥರ ಗಟ್ಟಿ ಬಾಡಿ ಇರೋ ಟ್ರಕ್ಕುಗಳಿಗೆ. ಒಂದಕ್ಕೊಂದು ಬದಲಾಯಿಸಂಗಿಲ್ಲ, ಟಿಎಸ್ ನಮ್ಮ ಬಾಡಿ ಮೇಲೆ ನಿಲ್ಲಲ್ಲ, ಪಿಎಸ್ಸನ್ನ ಗಟ್ಟಿ ಪ್ಲಾಸ್ಟಿಕ್ಕಿಗೆ ಹೊಡೆದ್ರೆ ಪ್ಲಾಸ್ಟಿಕ್ಕನ್ನೇ ಹಾಳು ಮಾಡತ್ತೆ. ಡಬ್ಬ ನೋಡೋಕೆ ಅಣ್ಣತಮ್ಮಂದ್ರ ಥರ ಇರತ್ತೆ, ಅಕ್ಷರ ಓದಿ ತಗೊಳ್ಳಿ.

ಇನ್ನು ಹೊಡೆಯೋದು ಒಳಗಡೆಯಿಂದ. ನನಗೆ ತಲೆಗೆ ಹೋಗಿದ್ದು ನಮ್ಮಜ್ಜಿ ಮನೆ ದೇವರ ಕೋಣೇಲಿದ್ದ ಗಾಜಿನ ಕೃಷ್ಣನ ಪಟ ನೆನಪಾದ್ಮೇಲೆ. ಆ ಥರ ಪಟ ಗಾಜಿನ ಹಿಂಬದಿಗೆ ಬರೆಯೋದು, ಕಣ್ಣು, ಮೀಸೆ, ಒಡವೆ ಎಲ್ಲಾ ಮೊದ್ಲು, ಹಿಂದಿನ ಪರದೆ ಬಣ್ಣ ಕೊನೇಲಿ. ಇಲ್ಲೂ ಅಷ್ಟೆ, ಕಪ್ಪು ಪಟ್ಟಿ ಬೇಕಾದ್ರೆ ಅದು ಮೊದ್ಲು, ಆಮೇಲೆ ಕೆಂಪು, ಎಲ್ಲದರ ಹಿಂದೆ ಬಿಳಿ. ಉಜ್ಜೋದು ತರಚೋದು ಎಲ್ಲಾ ಹೊರಗಿನ ಪ್ಲಾಸ್ಟಿಕ್ಕಿಗೆ, ಬಣ್ಣ ಒಳಗೆ ಹಾಯಾಗಿ ಕೂತಿರತ್ತೆ.

ಆದ್ರೆ ಡಬ್ಬಕ್ಕೆ ಎಷ್ಟು ಕ್ರೆಡಿಟ್ಟೋ ಪಾತ್ರೆ ತೊಳೆಯೋ ಲಿಕ್ವಿಡ್ಡಿಗೂ ಅಷ್ಟೇ ಕ್ರೆಡಿಟ್ ಕೊಡ್ಬೇಕು, ಇದನ್ನ ಯಾರೂ ಒತ್ತಿ ಹೇಳಲ್ಲ. ಬಾಡಿ ಅಚ್ಚಿಂದ ಸಲೀಸಾಗಿ ಬಿಡ್ಲಿ ಅಂತ ಏನೋ ಜಿಡ್ಡು ಬಳಸಿರ್ತಾರೆ, ಜೊತೆಗೆ ನಮ್ಮ ಬೆರಳಿನ ಎಣ್ಣೆ ಬೇರೆ, ಅದರ ಮೇಲೆ ಯಾವ ಬಣ್ಣ ಹೊಡೆದ್ರೂ ಎದ್ದೇ ಏಳತ್ತೆ. ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ತೊಳ್ದು, ಬಟ್ಟೇಲಿ ಒರೆಸದೆ ಹಾಗೇ ಒಣಗ್ಸಿ, ಆಮೇಲೆ ಒಳಗಡೆ ಕೈ ಹಾಕ್ಬೇಡಿ. ಕೆಲವರು ಹಸಿರು ಸ್ಕ್ರಬ್ಬರಲ್ಲಿ ಒಳಗೆ ಲೈಟಾಗಿ ಉಜ್ತಾರೆ ಹಿಡಿತ ಸಿಗ್ಲಿ ಅಂತ, ಒಳ್ಳೇದೇ, ಆದ್ರೆ ಕಿಟಕಿ ಜಾಗ ಬಿಟ್ಟು ಉಜ್ಜಿ, ನಾನು ಬಿಡ್ಲಿಲ್ಲ, ನನ್ನ ಟ್ರಕ್ಕಿಗೆ ಈಗ ಪರ್ಮನೆಂಟ್ ಕಣ್ಣಿನ ಪೊರೆ. ಥಿನ್ನರಲ್ಲಿ ಒರೆಸೋಕೆ ಮಾತ್ರ ಹೋಗ್ಬೇಡಿ, ಪ್ಲಾಸ್ಟಿಕ್ ಮಬ್ಬಾಗಿ ಬಿರುಕು ಬಿಡತ್ತೆ.

ಸ್ಪ್ರೇ ವಿಚಾರಕ್ಕೆ ಬಂದ್ರೆ ಮಂಜು ಹೊಗೆ ಥರ ಬರತ್ತೆ, ಡಬ್ಬಾನ ಹತ್ತು ನಿಮಿಷ ಬೆಚ್ಚಗಿನ ನೀರಲ್ಲಿಟ್ಟು ಚೆನ್ನಾಗಿ ಅಲ್ಲಾಡಿಸಿದ್ರೆ ಇನ್ನೂ ನೈಸು (ಬೆಚ್ಚಗಿನ ನೀರು ಅಂದೆ, ಒಲೆ ಹತ್ರ ತಗೊಂಡೋಗ್ಬೇಡಿ ಪುಣ್ಯಾತ್ಮರೇ, ಒಳಗೆ ಗ್ಯಾಸಿದೆ). ಒಂದಡಿ ದೂರದಿಂದ ಮೊದಲ ಕೋಟು ಬಿತ್ತೋ ಇಲ್ವೋ ಅನ್ನೋ ಹಾಗೆ, ಆಮೇಲೆ ಒಣಗಿದಂಗೆ ಒಂದೊಂದೇ ತೆಳು ಕೋಟು. ಒಂದೇ ಸಲ ಸುರಿದ್ರೆ ಮಾಸ್ಕಿಂಗ್ ಟೇಪ್ ಅಡಿಗೆ ನುಗ್ಗತ್ತೆ, ನನ್ನ ಬಾನೆಟ್ ಮೇಲಿನ ಪಟ್ಟಿ ಒಂದ್ಕಡೆ ಹಲ್ಲುಹಲ್ಲಾಗಿರೋದು ಅದಕ್ಕೇ. ಮಳೆಗಾಲದಲ್ಲಂತೂ ಬೇಡವೇ ಬೇಡ, ಗಾಳೀಲಿ ತೇವ ಇದ್ರೆ ಬಣ್ಣ ಬಿಳಿಚ್ಕೊಳ್ಳತ್ತೆ, ಮೊದಲ ಕೋಟೇ ಹೊರಗಿಂದ ಕಾಣೋದ್ರಿಂದ ಮುಚ್ಚೋಕೂ ಆಗಲ್ಲ. ಮಹಡಿ ಮೇಲೆ, ಬಿಸಿಲಿರೋವಾಗ, ಮಾಸ್ಕ್ ಹಾಕ್ಕೊಂಡು. ಬಟ್ಟೆ ಒಣಗಾಕಿಲ್ಲ ಅಂತ ಖಾತ್ರಿ ಮಾಡ್ಕೊಂಡು! ಎಲ್ಲಾ ಮುಗಿದ್ಮೇಲೆ ಹೊರಗಡೆ ಬಣ್ಣ ತಾಗದಿರ್ಲಿ ಅಂತ ಬಾಡಿ ಮೇಲೆ ಇರೋ ತೆಳ್ಳನೆ ಫಿಲ್ಮ್ ಕೀಳ್ತೀವಲ್ಲ, ಆ ಐದು ನಿಮಿಷಕ್ಕೆ ಇಡೀ ಕೆಲಸ ಸಾರ್ಥಕ.

ಈಗ ಒಂದು ವರ್ಷ ಆಯ್ತು. ಮೇಲ್ಛಾವಣಿ ಪೂರ್ತಿ ಗೀರು, ಸ್ಯಾಂಡ್‌ಪೇಪರ್ ಆಗಿದೆ, ಕೆಂಪು ಮಾತ್ರ ಒಂದು ಚೂರೂ ಎದ್ದಿಲ್ಲ. ಬಣ್ಣ ಹೋಗಿರೋದು ಎರಡೇ ಕಡೆ, ಎರಡರಲ್ಲೂ ಸ್ಪ್ರೇ ತಪ್ಪಿಲ್ಲ. ಒಂದು, ಚಕ್ರದ ಮೇಲೆ: ಗಾಡಿ ಹಾರಿ ಕೂತಾಗ ಟೈರು ಬಾಡಿ ಒಳಗೆ ಉಜ್ಜತ್ತೆ, ಜೊತೆಗೆ ಮರಳು ಎರಚತ್ತೆ, ಹೊರಗಿಂದ ಕಾಪಾಡಿದ ಬಣ್ಣಾನ ಒಳಗಿಂದ ತಿಂದಾಕತ್ತೆ. ಅಲ್ಲಿ ಚಕ್ರದ ಜಾಗಾನ ಇನ್ನೊಂದು ಸ್ವಲ್ಪ ಅಗಲವಾಗಿ ಕತ್ತರಿಸ್ಬೇಕಿತ್ತು, ಹಿಂದಿನ ಬಿಳಿ ಕೋಟು ಎರಡಾದ್ರೂ ಜಾಸ್ತಿ ಹೊಡೀಬೇಕಿತ್ತು. ಎರಡು, ಮುಂದಿನ ಮೂಲೆ: ಅಲ್ಲಿ ಪ್ಲಾಸ್ಟಿಕ್ಕೇ ಸೀಳಿದೆ, ಬಣ್ಣ ಏನ್ಮಾಡತ್ತೆ. ಅಂಥ ಕಡೆ ಒಳಗೆ ಜಾಲರಿ ಟೇಪ್ ಇಟ್ಟು ಶೂ ಗೂ (Shoe Goo) ಅನ್ನೋ ರಬ್ಬರಿನಂಥ ಅಂಟು ಬಳೀತಾರೆ. ಕಾಸುಳಿಸೋಕೆ ನಾನು ಚಪ್ಪಲಿ ಅಂಟಿಸೋ ಗಮ್ಮನ್ನ ಹಳೇ ತುಂಡಿನ ಮೇಲೆ ಟ್ರೈ ಮಾಡ್ದೆ, ಬಣ್ಣ ಮೆತ್ತಗಾಗಿ ಕೈಗೇ ಬಂತು.

ಕಂಪ್ಲೇಂಟು? ಡಬ್ಬ 100 ಎಂಎಲ್ ಅಷ್ಟೆ. ಬಾಡಿಗೆ ಒಂದು ಕೆಂಪು, ಒಂದು ಬಿಳಿ, ಪಟ್ಟಿಗೆ ಕಪ್ಪು ಅಂದ್ರೆ ಮೂರು ಡಬ್ಬ, ಆ ದುಡ್ಡು ಸೇರ್ಸಿದ್ರೆ ಬಣ್ಣ ಹೊಡ್ದಿರೋ ಬಾಡೀನೇ ಬರ್ತಿತ್ತೇನೋ ಅಂತ ಮನೇವ್ರು ಲೆಕ್ಕ ಹಾಕಿ ತೋರಿಸಿದ್ರು. ಬೇಕಾದ ಬಣ್ಣ ಬೇಕಾದಾಗ ಸಿಗಲ್ಲ, ಕಪ್ಪು ಬಿಳಿ ಸಿಕ್ಕತ್ತೆ, ಮಿಕ್ಕಿದ್ದಕ್ಕೆ ಕಾಯ್ಬೇಕು. ಐದಕ್ಕೆ ನಾಲ್ಕು ಸ್ಟಾರ್.

ಮಗ ಮುಂದಿನ ಬಾಡಿಗೆ ಫ್ಲೋರೊಸೆಂಟ್ ಹಸಿರು ಬೇಕು ಅಂತ ಹಟ ಹಿಡಿದಿದಾನೆ, ಅದರ ಹಿಂದೆ ಬಿಳಿ ಹೊಡೀದಿದ್ರೆ ಮಂಕು ಹೊಡೆಯತ್ತೆ, ಸೋ ಮತ್ತೆ ಎರಡು ಡಬ್ಬ. ಮಳೆ ನಿಲ್ಲಲಿ ಅಂದಿದೀನಿ.