ಆರ್‌ಸಿಟಿ ಫೈಲ್ ಇಡಲು ದೊಡ್ಡ ಪ್ಲಾಸ್ಟಿಕ್ ಬಾಕ್ಸೋ, ಚಿಕ್ಕ ಸ್ಟೀಲ್ ಡಬ್ಬಿಯೋ?

ನನ್ನ ವೋಟು ಚಿಕ್ಕ ಸ್ಟೀಲ್ ಡಬ್ಬಿಗೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆರ್‌ಸಿಟಿ ಅಂದರೆ ರೂಟ್ ಕೆನಾಲ್ ಚಿಕಿತ್ಸೆ; ಹಲ್ಲಿನ ಬೇರಿನ ಕೊಳವೆಯನ್ನು (ಕೆನಾಲ್) ಉಜ್ಜಿ ಶುಚಿ ಮಾಡುವ ಸೂಜಿಯಂಥ ಉಪಕರಣವೇ ಫೈಲ್. ತಿಪಟೂರಿನಲ್ಲಿ ನನ್ನದು ಒಂದೇ ಚೇರ್ ಇರುವ ಹಲ್ಲಿನ ಕ್ಲಿನಿಕ್. ಒಬ್ಬಳು ಅಸಿಸ್ಟೆಂಟ್, ವ್ಯಾಕ್ಯೂಮ್ ಇಲ್ಲದ ಮಾಮೂಲಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಉಪಕರಣಗಳ ರೋಗಾಣು ಕೊಲ್ಲುವ ಮಷೀನು). ದೊಡ್ಡ ಸೆಟಪ್ ಇರುವವರ ಲೆಕ್ಕ ಬೇರೆ ಇರಬಹುದು.

"ಮೇಡಂ, ಎಲ್ಲರೂ ಇದನ್ನೇ ತಗೊಳ್ತಾರೆ" ಅಂತ ಡೀಲರ್ ಕೊಟ್ಟಿದ್ದು ದೊಡ್ಡ ಪ್ಲಾಸ್ಟಿಕ್ ಎಂಡೋ ಬಾಕ್ಸ್, ಅಂದರೆ ಫೈಲ್ ಇಡುವ ಡಬ್ಬಿ. 15ರಿಂದ 80ರವರೆಗಿನ ಸೈಜಿನ ಫೈಲುಗಳಿಗೆ ಸಾಲಾಗಿ ತೂತುಗಳು, ಪಕ್ಕದಲ್ಲೇ ಫೈಲ್ ಅಳೆಯಲು ಸ್ಕೇಲು, ಒಳಗಿರುವುದೆಲ್ಲ ಕಾಣುವ ಮುಚ್ಚಳ. ನೋಡೋಕೆ ಚೆಂದ. ಆಟೋಕ್ಲೇವ್‌ಗೆ ಹಾಕಬಹುದು ಅಂತ ಬರೆದೂ ಇತ್ತು. 121 ಡಿಗ್ರಿ ಬಿಸಿಯನ್ನು ಸ್ವಲ್ಪ ಕಾಲ ತಡೆದುಕೊಂಡಿತು, ಆಮೇಲೆ ಮುಚ್ಚಳದ ಒಂದು ಮೂಲೆ ಸೊಟ್ಟಗಾಯಿತು. ಜಾಸ್ತಿ ಏನಲ್ಲ, ಆದರೆ ಕ್ಲಿಪ್ ಕೂರುವುದಿಲ್ಲ. ಡಬ್ಬಿ ಎತ್ತುವಾಗ ಒಂಚೂರು ವಾಲಿದರೆ ಸಾಕು, ಮುಚ್ಚಳ ತೆರೆದುಕೊಂಡು ಫೈಲೆಲ್ಲ ಚೆಲ್ಲಾಪಿಲ್ಲಿ.

ಚೆಲ್ಲಿದರೆ ಬಣ್ಣ ನೋಡಿ ಜೋಡಿಸಿದರಾಯಿತು, ಅಲ್ವಾ? ಹೊಸ ಫೈಲಾದರೆ ಸರಿ. ಹಿಡಿಯ ಬಣ್ಣ ಹೀಗೆ: 15 ಬಿಳಿ, 20 ಹಳದಿ, 25 ಕೆಂಪು, 30 ನೀಲಿ, 35 ಹಸಿರು, 40 ಕಪ್ಪು. 45ಕ್ಕೆ ಮತ್ತೆ ಬಿಳಿಯಿಂದ ಶುರು. 15ಕ್ಕೂ 45ಕ್ಕೂ ಗೊಂದಲ ಆಗಲ್ಲ, ದಪ್ಪ ನೋಡಿದರೇ ಗೊತ್ತಾಗುತ್ತದೆ. ಪೀಕಲಾಟ ಇರುವುದು 15 ಮತ್ತು 20ರ ನಡುವೆ. ಹೈಪೋದಲ್ಲಿ (ಕೆನಾಲ್ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್) ನೆನೆದು, ಹಬೆಯಲ್ಲಿ ಬೆಂದು, ಹಳದಿ ಹಿಡಿ ಬಿಳಚಿಕೊಳ್ಳುತ್ತದೆ, ಬಿಳಿ ಹಿಡಿ ಹಳದಿಯಾಗುತ್ತದೆ. ಹಿಡಿಯ ತಲೆ ಮೇಲಿನ ನಂಬರು ಆಗಲೇ ಅಳಿಸಿಹೋಗಿರುತ್ತದೆ. ತುದಿಯಲ್ಲಿ ಎರಡಕ್ಕೂ ಇರುವ ವ್ಯತ್ಯಾಸ 0.05 ಮಿ.ಮೀ. ಬರಿಗಣ್ಣಿಗೆ ಅದು ಸಿಗುವ ಮಾತೇ ಅಲ್ಲ.

ಪೇಷೆಂಟ್ ಬಾಯಿ ತೆರೆದು ಕೂತಿರುವಾಗ ಅಸಿಸ್ಟೆಂಟ್ ಫೈಲನ್ನು ಲೈಟಿಗೆ ಹಿಡಿದು "ಮೇಡಂ, ಇದು ಬಿಳಿನಾ ಹಳದಿನಾ?" ಅಂತ ಕೇಳಿದರೆ ಏನು ಹೇಳುವುದು? 15 ಅಂದುಕೊಂಡು 20 ಅನ್ನು ಒತ್ತಿದರೆ ಬಾಗಿದ ಕೆನಾಲಿನಲ್ಲಿ ಲೆಡ್ಜ್ (ಗೋಡೆಯಲ್ಲಿ ಮೆಟ್ಟಿಲಿನಂಥ ತಡೆ) ಆಗಬಹುದು. 20 ಅಂದುಕೊಂಡು 15 ಆಡಿಸಿದರೆ ಕೆನಾಲ್ ಸಡಿಲ ಆಯಿತು ಅಂತ ಮೋಸ ಹೋಗುತ್ತೇವೆ. ಇದರ ಮೇಲೆ 21 ಮಿ.ಮೀ. ಮತ್ತು 25 ಮಿ.ಮೀ. ಉದ್ದದ ಫೈಲುಗಳೂ ಬೆರೆತಿದ್ದರೆ ಮುಗಿಯಿತು, ಒಂದೊಂದನ್ನೂ ಸ್ಕೇಲಿಗೆ ಹಿಡಿಯಬೇಕು. ಫೈಲಿನಲ್ಲಿ ಕೆ, ಎಚ್ ಅಂತ ಬಗೆಗಳಿವೆ; ಹಿಡಿ ಮೇಲಿನ ಕೆ ಫೈಲಿನ ಚೌಕ, ಎಚ್ ಫೈಲಿನ ವೃತ್ತದ ಗುರುತೂ ನಂಬರಿನಂತೆ ಅಳಿಸಿಹೋಗಿರುತ್ತವೆ.

ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್ ಸಿಕ್ಕಿದರೂ ನನಗೆ ಬೇಡ. ಒಂದು ಕೇಸಿಗೆ ಬೇಕಾಗುವುದು ಬೆರಳೆಣಿಕೆಯ ಫೈಲು, ತೆರೆಯುವುದು ಪೂರ್ತಿ ಬಾಕ್ಸು. ಏರೋಟರಿನ (ಹಲ್ಲು ಕೊರೆಯುವ ಡ್ರಿಲ್) ನೀರು ಹಾರುವ ರೂಮಿನಲ್ಲಿ ತೆರೆದಿಟ್ಟ ಡಬ್ಬಿಯನ್ನು ಮುಚ್ಚಿ ಮುಂದಿನ ಪೇಷೆಂಟಿಗೆ ಇಟ್ಟರೆ ಅದು ಸ್ಟೆರೈಲ್ ಅಲ್ಲ. ಪ್ರತಿ ಸಲ ಪೂರ್ತಿ ಬಾಕ್ಸನ್ನೇ ಆಟೋಕ್ಲೇವ್ ಮಾಡಿದರೆ, ಯಾರ ಬಾಯಿಯನ್ನೂ ನೋಡದ ಫೈಲುಗಳೂ ಸುಮ್ನೆ ಬೆಂದು ಬಣ್ಣ ಕಳೆದುಕೊಳ್ಳುತ್ತವೆ.

ಸ್ಟೀಲ್ ಡಬ್ಬಿ ಅಂಗೈಯಗಲ, ಹಬೆ ಹೋಗಲು ತೂತುಗಳಿವೆ. ಒಬ್ಬ ಪೇಷೆಂಟಿಗೆ ಒಂದು ಸೆಟ್ ಜೋಡಿಸಿ, ಡಬ್ಬಿಯನ್ನೇ ಆಟೋಕ್ಲೇವ್‌ಗೆ ಹೋಗುವ ಪೇಪರ್ ಪೌಚಿಗೆ ಹಾಕಿ ಸೀಲ್ ಮಾಡುತ್ತೇವೆ. ಪೌಚನ್ನು ಹರಿಯುವುದು ಚೇರ್ ಪಕ್ಕದಲ್ಲೇ. ತುದಿ ಚುಚ್ಚಿ ಪೌಚ್ ತೂತಾಗುವ ಗೋಳೂ ಇಲ್ಲ; ಡಬ್ಬಿ ಇಲ್ಲದೆ ಬರೀ ಪೌಚಿಗೆ ಫೈಲ್ ಹಾಕಿದವರಿಗೆ ಇದು ಗೊತ್ತಿರುತ್ತದೆ. ನನ್ನ ಮಷೀನಿನಲ್ಲಿ ಪೌಚ್ ಒದ್ದೆಯಾಗಿ ಬರುತ್ತದೆ, ಅದಕ್ಕೆ ಬಾಗಿಲನ್ನು ಒಂಚೂರು ಸರಿಸಿ ಒಣಗುವ ತನಕ ಒಳಗೇ ಬಿಡುತ್ತೇನೆ. ಒದ್ದೆ ಪೇಪರನ್ನು ನಂಬುವ ಹಾಗಿಲ್ಲ.

ಆಟೋಕ್ಲೇವ್‌ಗೆ ಬೋರ್‌ವೆಲ್ ನೀರು ಹಾಕಿದರೆ ಡಬ್ಬಿಯ ಹಿಂಜಿನಲ್ಲಿ ತುಕ್ಕು, ಫೈಲ್ ಮೇಲೆ ಬಿಳಿ ಕಲೆ. ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು.

ತೊಳೆಯುವುದರಲ್ಲಿ ಬ್ರಷ್ ಮತ್ತು ಅಲ್ಟ್ರಾಸಾನಿಕ್ (ದ್ರಾವಣದಲ್ಲಿ ಕಂಪನದಿಂದ ಕೊಳೆ ಬಿಡಿಸುವ ಮಷೀನು) ಎರಡನ್ನೂ ನೋಡಿದ್ದೇನೆ. ಬ್ರಷ್ಷಿನಲ್ಲಿ ಉಜ್ಜಿದ ಎಚ್ ಫೈಲನ್ನು ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು ನೋಡಿ. ಹೊರಗೆ ಫಳಫಳ, ಸುರುಳಿಯ ಸಂದಿಯಲ್ಲಿ ಮಾತ್ರ ಹಲ್ಲಿನ (ಡೆಂಟಿನ್) ಪುಡಿ ಮತ್ತು ಒಳಗಿನ ಮೆದು ತಿರುಳಿನ (ಪಲ್ಪ್) ಎಳೆ ಅಂಟಿಕೊಂಡೇ ಇರುತ್ತವೆ. ಗ್ಲೌಸ್ ಚುಚ್ಚುವ ಭಯ ಬೇರೆ. ಹಾಗಾಗಿ ಬಳಸಿದ ತಕ್ಷಣ ಎಂಜೈಮ್ ದ್ರಾವಣದಲ್ಲಿ ನೆನೆಹಾಕಿ, ಆಮೇಲೆ ಅಲ್ಟ್ರಾಸಾನಿಕ್. ಡಬ್ಬಿ ಸಮೇತ ಮುಳುಗಿಸಿದರೆ ತೂತಿನೊಳಗಿನ ಭಾಗ ಸರಿಯಾಗಿ ಶುಚಿಯಾಗಲ್ಲ, ಪ್ಲಾಸ್ಟಿಕ್ ಆದರಂತೂ ಕಂಪನವನ್ನೇ ನುಂಗಿಬಿಡುತ್ತದೆ. ನಾನು ಟೀ ಸೋಸುವ ಸ್ಟೀಲ್ ಜರಡಿಯಲ್ಲಿ ಫೈಲುಗಳನ್ನು ಬಿಡಿಬಿಡಿಯಾಗಿ ಹಾಕುತ್ತೇನೆ. ಅಂಗಡಿಯ ಬುಟ್ಟಿಗಿಂತ ಇದೇ ವಾಸಿ.

ಬಿಸಿ ಗಾಜಿನ ಮಣಿಗಳಲ್ಲಿ ಫೈಲ್ ಚುಚ್ಚಿಡುವ ಗ್ಲಾಸ್ ಬೀಡ್ ಸ್ಟೆರಿಲೈಜರ್ ಬಗ್ಗೆ ಒಂದೇ ಮಾತು. ಮಣಿಗಳೊಳಗೆ ಹೋದಷ್ಟು ಭಾಗ ಮಾತ್ರ ಕಾಯುತ್ತದೆ, ಹಿಡಿ ಹಾಗೇ. ಅದು ಸ್ಟೆರಿಲೈಜ್ ಮಾಡುವುದರಲ್ಲಿ ಸೋಲಬಹುದು ಅನ್ನುವ ಎಚ್ಚರಿಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2003ರ ಮಾರ್ಗಸೂಚಿಯಲ್ಲೇ ಇದೆ.

"ಒಂದೇ ಸಲ ಬಳಸಿ ಬಿಸಾಕಿ" ಅನ್ನುವವರೂ ಇದ್ದಾರೆ. ಮೆದುಳಿನ ರೋಗ ತರುವ ಪ್ರಯಾನ್ ಅನ್ನುವ ಪ್ರೋಟೀನಿನ ಭಯದಿಂದ ಬ್ರಿಟನ್ನಿನಲ್ಲಿ 2007ರಿಂದ ಹಾಗೇ ಸಲಹೆ ಕೊಟ್ಟಿದ್ದಾರೆ. ನಮ್ಮೂರಿನ ಫೀಸಿನಲ್ಲಿ ಪೂರ್ತಿ ಸೆಟ್ ಬಿಸಾಕಲು ನನಗೆ ಆಗಲ್ಲ. ಬ್ರೋಚ್ (ಪಲ್ಪ್ ಎಳೆದು ತೆಗೆಯುವ ಮುಳ್ಳಿನ ಸೂಜಿ) ಮತ್ತು 8, 10ರ ಫೈಲುಗಳನ್ನು ಮಾತ್ರ ಒಂದೇ ಕೇಸಿಗೆ ಮುಗಿಸಿ ಶಾರ್ಪ್ಸ್ (ಚೂಪಾದ ಕಸ) ಹಾಕುವ ಬಿಳಿ ಡಬ್ಬಕ್ಕೆ ಹಾಕುತ್ತೇವೆ. ಉಳಿದವು ಸುರುಳಿ ಬಿಚ್ಚಿಕೊಂಡಿದ್ದರೆ ಅಥವಾ ಬಣ್ಣದ ಬಗ್ಗೆ ಒಂಚೂರು ಅನುಮಾನ ಬಂದರೂ ಅದೇ ಡಬ್ಬಕ್ಕೆ.

ಸ್ಟೀಲ್ ಡಬ್ಬಿಗೆ ದುಡ್ಡು ಜಾಸ್ತಿ, ಒಂದರಲ್ಲಿ ಕೆಲಸವೂ ಆಗಲ್ಲ, ದಿನದ ಕೇಸಿಗೆ ತಕ್ಕಷ್ಟು ಬೇಕು. ನಾನು ಒಟ್ಟಿಗೆ ಕೊಳ್ಳಲಿಲ್ಲ, ತಿಂಗಳಿಗೊಂದರಂತೆ ಸೇರಿಸಿದೆ. ಕೊಳ್ಳುವ ಮುಂಚೆ 31 ಮಿ.ಮೀ. ಫೈಲೊಂದನ್ನು ಇಟ್ಟು ಮುಚ್ಚಳ ಹಾಕಿ ನೋಡಿ. ನನ್ನದರಲ್ಲಿ ಕೂರುವುದಿಲ್ಲ, ಬೇರು ಉದ್ದವಿರುವ ಕೋರೆಹಲ್ಲಿನ ಕೇಸ್ ಬಂದರೆ ಉದ್ದದ ಫೈಲುಗಳಿಗೆ ಬೇರೆ ಡಬ್ಬಿ ಹುಡುಕಬೇಕು.