ಪ್ರೀಮಿಯರ್ ಫುಟ್‌ಸಾಲ್: ಆಟಕ್ಕೆ ನಾಲ್ಕು ಸ್ಟಾರ್, ಲೀಗ್‌ಗೆ ಎರಡೇ

ಎರಡು ಸೀಸನ್ ನಡೆದು ನಿಂತುಹೋದ ಲೀಗಿಗೆ ಈಗ ಯಾಕೆ ರಿವ್ಯೂ ಅಂತ ಕೇಳಬಹುದು. ಕಾರಣ ಇದೆ. ಫುಟ್‌ಸಾಲ್ ಅಂದರೆ ಗಟ್ಟಿ ನೆಲದ ಚಿಕ್ಕ ಕೋರ್ಟಿನಲ್ಲಿ ಐದೈದು ಜನ ಆಡುವ ಆಟ, ಅದಕ್ಕೆ ನಮ್ಮ ದೇಶದಲ್ಲೊಂದು ಪ್ರೊಫೆಷನಲ್ ಲೀಗ್ ಬೇಕು ಅನ್ನುವ ಮಾತು ಆಡುವವರ ನಡುವೆ ಇನ್ನೂ ಇದೆ. ಆ ಮಾತು ಬಂದಾಗೆಲ್ಲ 2016ರ ಪ್ರೀಮಿಯರ್ ಫುಟ್‌ಸಾಲ್ ಹೆಸರು ಬರುತ್ತದೆ, ಅದರ ಹಿಂದೆಯೇ ಅಲ್ಲಿ ಆಡಿದ ಬ್ರೆಜಿಲ್ ಫುಟ್‌ಬಾಲ್ ತಾರೆ ರೊನಾಲ್ಡಿನೊ ಹೆಸರು ಬರುತ್ತದೆ, ಅಲ್ಲಿಗೆ ಮಾತು ನಿಂತುಬಿಡುತ್ತದೆ. ನಾನು ಕೆಲಸ ಮುಗಿಸಿ ಸಂಜೆ ಐದೈದು ಜನರ ಆಟ ಆಡುವವನು, ಆ ಲೀಗನ್ನು ಟಿವಿ ಮುಂದೆ ಕೂತು ಆಸೆಯಿಂದ ನೋಡಿದವನು. ನೋಡುವವರ ಖುಷಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಲೀಗ್ ಅನ್ನುವ ಹೆಸರಿಗೆ ಎರಡು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಒಳ್ಳೆಯದು. ಆರು ತಂಡ, ಆರು ದೊಡ್ಡ ಹೆಸರು. ಗೋವಾಕ್ಕೆ ರೊನಾಲ್ಡಿನೊ, ಮುಂಬೈಗೆ ರಯಾನ್ ಗಿಗ್ಸ್, ಕೋಲ್ಕತ್ತಾಗೆ ಹೆರ್ನಾನ್ ಕ್ರೆಸ್ಪೊ, ಕೊಚ್ಚಿಗೆ ಮಿಶೆಲ್ ಸಲ್ಗಾಡೊ, ಚೆನ್ನೈಗೆ ಫಾಲ್ಕಾವ್, ನಮ್ಮ ಬೆಂಗಳೂರಿಗೆ ಪಾಲ್ ಸ್ಕೋಲ್ಸ್. ಲೀಗಿನ ಅಧ್ಯಕ್ಷ ಲೂಯಿಸ್ ಫಿಗೊ, ಪ್ರಚಾರಕ್ಕೆ ವಿರಾಟ್ ಕೊಹ್ಲಿ, ಹಾಡಿಗೆ ಎ.ಆರ್. ರೆಹಮಾನ್. ಈ ಪಟ್ಟಿಯಲ್ಲಿ ಫಾಲ್ಕಾವ್ ಹೆಸರಿಗೆ ನಮ್ಮಲ್ಲಿ ಸದ್ದೇ ಆಗಲಿಲ್ಲ. ಅದು ನನಗೆ ಈಗಲೂ ಬೇಸರ. ಉಳಿದ ಐವರು ಹೆಸರು ಮಾಡಿದ್ದು ದೊಡ್ಡ ಮೈದಾನದ ಫುಟ್‌ಬಾಲ್‌ನಲ್ಲಿ. ಫಾಲ್ಕಾವ್ ಮಾತ್ರ ಫುಟ್‌ಸಾಲ್‌ನವನೇ, 2008 ಮತ್ತು 2012ರಲ್ಲಿ ಬ್ರೆಜಿಲ್ ಜೊತೆ ವಿಶ್ವಕಪ್ ಗೆದ್ದವನು. ಆ ಆಟದ ದೊರೆ ಚೆನ್ನೈಗೆ ಬಂದು ಆಡುತ್ತಿದ್ದಾಗ ನಮ್ಮವರು ಗಿಗ್ಸ್ ಯಾವಾಗ ಇಳಿಯುತ್ತಾನೆ ಅಂತ ಕಾಯುತ್ತಿದ್ದರು.

ಗೋವಾ ಮತ್ತು ಬೆಂಗಳೂರು ತಂಡಗಳ ಪಂದ್ಯ ಮರೆಯುವಂಥದ್ದಲ್ಲ. ರೊನಾಲ್ಡಿನೊಗೆ ಆಗ 36 ವರ್ಷ. ಒಬ್ಬನೇ ಐದು ಗೋಲು ಹೊಡೆದ, ಗೋವಾ 7-2ರಿಂದ ಗೆದ್ದಿತು. ಸೋತಿದ್ದು ನಮ್ಮೂರಿನ ತಂಡ, ಆದರೂ ಟಿವಿ ಆಫ್ ಮಾಡಲು ಮನಸ್ಸು ಬರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಫುಟ್‌ಸಾಲ್ ಆಡಿ ಬೆಳೆದ ಕಾಲು ಹೇಗಿರುತ್ತದೆ ಅಂತ ಅವತ್ತು ಕಂಡಿತು. ಆದರೆ ಅದಾದ ಸ್ವಲ್ಪದರಲ್ಲೇ ಬೇರೆ ಕೆಲಸದ ಮೇಲೆ ಅವನು ಹೊರಟುಹೋದ, ಅವನ ಜಾಗಕ್ಕೆ ಬ್ರೆಜಿಲ್‌ನವನೇ ಆದ ಹಳೆಯ ಆಟಗಾರ ಕಫು ಬಂದ. ಇಡೀ ಸೀಸನ್ನೇ ಹತ್ತು ದಿನ, ಅದರಲ್ಲೂ ಮುಖ್ಯ ಆಟಗಾರ ಪೂರ್ತಿ ಇರಲಿಲ್ಲ. ಕೊನೆಗೆ ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಕೊಚ್ಚಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮುಂಬೈ ಕಪ್ ಎತ್ತಿತು.

ಇನ್ನೊಂದು ಒಳ್ಳೆಯದು, ಜನರಿಗೆ ನಿಜವಾದ ಫುಟ್‌ಸಾಲ್ ಹೇಗಿರುತ್ತದೆ ಅಂತ ತೋರಿಸಿದ್ದು. ನಾವು ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಹಾಕಿ ಆಡುವುದು ಟರ್ಫ್. ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಆಡಿ ಮನೆಗೆ ಬಂದರೆ ಶೂ ತುಂಬ ಕಪ್ಪು ರಬ್ಬರ್ ಕಾಳು. ಫುಟ್‌ಸಾಲ್ ನಡೆಯುವುದು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲದ ಕೋರ್ಟಿನಲ್ಲಿ. ಚೆಂಡು ಸಣ್ಣದು, ನಾಲ್ಕನೇ ಸೈಜ್, ಪುಟಿಯುವುದು ಕಮ್ಮಿ. ಪುಟಿಯದ ಕಾರಣ ಚೆಂಡನ್ನು ಅಂಗಾಲಿನಿಂದ ತುಳಿದು ಹಿಡಿಯಬಹುದು, ಎದುರಾಳಿ ಹತ್ತಿರ ಬರುವಷ್ಟರಲ್ಲಿ ಪಕ್ಕಕ್ಕೆ ಎಳೆದುಕೊಳ್ಳಬಹುದು. ಟರ್ಫ್‌ನಲ್ಲಿ ಅದೇ ಮಾಡಲು ಹೋದರೆ ಚೆಂಡು ಕಾಲಿನಡಿ ಜಿಗಿದು ಹೋಗುತ್ತದೆ. ಹಾಗಾಗಿ ನಮ್ಮ ಹುಡುಗರು ಸುಮ್ನೆ ಜೋರಾಗಿ ಒದೆಯುವುದನ್ನೇ ಕಲಿಯುತ್ತಾರೆ.

ನಿಯಮಗಳ ಮಜಾನೇ ಬೇರೆ. ಥ್ರೋ ಇಲ್ಲ, ಚೆಂಡು ಹೊರಗೆ ಹೋದರೆ ಕಾಲಿನಿಂದಲೇ ಒಳಗೆ ತಳ್ಳಬೇಕು, ಅದೂ ನಾಲ್ಕು ಸೆಕೆಂಡಿನೊಳಗೆ. ರೆಫ್ರಿ ಬೆರಳು ಎತ್ತಿ ಎಣಿಸುತ್ತಾ ನಿಂತಿರುತ್ತಾನೆ. ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಬರಬಹುದು, ಹೋಗಬಹುದು. ಒಂದು ತಂಡ ಒಂದು ಅರ್ಧದಲ್ಲಿ ಐದು ಫೌಲ್ ಮಾಡಿಬಿಟ್ಟಿತು ಅಂದುಕೊಳ್ಳಿ. ಆರನೆಯದಕ್ಕೆ ಗೋಲಿನಿಂದ ಹತ್ತು ಮೀಟರ್ ದೂರದಲ್ಲಿ ಚೆಂಡು ಇಡುತ್ತಾರೆ, ಗೋಡೆ ನಿಲ್ಲಿಸುವ ಹಾಗಿಲ್ಲ, ಎದುರಿಗೆ ಕೀಪರ್ ಒಬ್ಬನೇ. ಬೋರ್ಡಿನಲ್ಲಿ ಫೌಲ್ ಐದು ಅಂತ ಬಂದ ಕೂಡಲೇ ಮೈಮೇಲೆ ಬಿದ್ದು ಆಡುತ್ತಿದ್ದವರು ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ, ಚೆಂಡು ಇರುವವನು ಬೇಕೆಂದೇ ಅವರ ಮೇಲೆ ನುಗ್ಗುತ್ತಾನೆ. ಇದನ್ನು ಒಮ್ಮೆ ಗಮನಿಸಿ ನೋಡಿದರೆ ಸಾಕು, ಫುಟ್‌ಸಾಲ್ ಅಂದರೆ ಚಿಕ್ಕ ಫುಟ್‌ಬಾಲ್ ಅಂತ ಮತ್ತೆ ಯಾರೂ ಹೇಳುವುದಿಲ್ಲ.

ಈಗ ಎರಡು ಸ್ಟಾರ್ ಯಾಕೆ ಅನ್ನುವುದು.

ಮೊದಲ ಸೀಸನ್ ನಡೆದಿದ್ದು ಚೆನ್ನೈ ಮತ್ತು ಗೋವಾದಲ್ಲಿ ಮಾತ್ರ. ಅಂದರೆ ಬೆಂಗಳೂರು, ಮುಂಬೈ, ಕೋಲ್ಕತ್ತಾ, ಕೊಚ್ಚಿ ತಂಡಗಳಿಗೆ ತಮ್ಮ ಊರಿನಲ್ಲಿ ಒಂದು ಪಂದ್ಯವೂ ಇಲ್ಲ. 2017ರಲ್ಲಿ ಮುಂಬೈ, ಬೆಂಗಳೂರು, ಕೊನೆಗೆ ದುಬೈ. ಅಷ್ಟರಲ್ಲಿ ತಂಡಗಳ ಹೆಸರೂ ಬದಲಾಗಿತ್ತು. ಬೆಂಗಳೂರು ಫೈವ್ಸ್ ಹೋಗಿ ಬೆಂಗಳೂರು ರಾಯಲ್ಸ್ ಆಯಿತು. ಗೋವಾ, ಕೋಲ್ಕತ್ತಾ ಮಾಯ. ಡೆಲ್ಲಿ ಡ್ರ್ಯಾಗನ್ಸ್, ತೆಲುಗು ಟೈಗರ್ಸ್ ಬಂದವು. ರೊನಾಲ್ಡಿನೊನ ಐದು ಗೋಲು ನೋಡಿ ಗೋವಾ ತಂಡದ ಅಭಿಮಾನಿ ಆದ ಹುಡುಗನಿಗೆ ಮರುವರ್ಷ ತಂಡವೇ ಇಲ್ಲ. ಅಭಿಮಾನ ಅನ್ನುವುದು ಸೋಲು ಗೆಲುವು ಎರಡನ್ನೂ ವರ್ಷಗಟ್ಟಲೆ ಜೊತೆಗೆ ನೋಡಿ ಬೆಳೆಯುವಂಥದ್ದು, ಅದಕ್ಕೆ ಜಾಗವೇ ಕೊಡಲಿಲ್ಲ.

ಇನ್ನೂ ದೊಡ್ಡ ತೊಂದರೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಈ ಲೀಗಿಗೆ ಮಾನ್ಯತೆ ಕೊಡಲಿಲ್ಲ. ಯಾರು ಸರಿ ಯಾರು ತಪ್ಪು ಅನ್ನುವ ಜಗಳ ನನಗೆ ಬೇಡ. ಆಟಗಾರನಿಗೆ ಏನಾಯಿತು ನೋಡಿ. ಅಲ್ಲಿ ಚೆನ್ನಾಗಿ ಆಡಿದ ಹುಡುಗ ಮುಂದೆ ಎಲ್ಲಿಗೆ ಹೋಗಬೇಕಿತ್ತು? ಆಗ ಕೆಳಗೆ ರಾಷ್ಟ್ರಮಟ್ಟದ ಕ್ಲಬ್ ಟೂರ್ನಿ ಇರಲಿಲ್ಲ, ಮೇಲೆ ರಾಷ್ಟ್ರೀಯ ಫುಟ್‌ಸಾಲ್ ತಂಡ ಇರಲಿಲ್ಲ. ಅಡಿಪಾಯ ತೋಡದೆ ಮೊದಲನೇ ಮಹಡಿ ಕಟ್ಟಿದ ಹಾಗಾಯಿತು.

ಅಳತೆಗೆ ಜಪಾನಿನ ಫುಟ್‌ಸಾಲ್ ಲೀಗ್ ಆದ ಎಫ್ ಲೀಗ್ ಇಟ್ಟುಕೊಳ್ಳುತ್ತೇನೆ. ಶುರುವಾಗಿದ್ದು 2007ರಲ್ಲಿ, ಎಂಟು ಕ್ಲಬ್‌ಗಳೊಂದಿಗೆ. ಅದಕ್ಕೆ ಮೊದಲೇ ಅಲ್ಲಿ ಪ್ರಾದೇಶಿಕ ಲೀಗ್‌ಗಳಿದ್ದವು, 2006ರಲ್ಲೇ ಜಪಾನ್ ಏಷ್ಯಾ ಚಾಂಪಿಯನ್ ಆಗಿತ್ತು. ಇರುವ ಆಟದ ಮೇಲೆ ಲೀಗ್ ಕಟ್ಟಿದರು. ಪೂರ್ತಿ ಪ್ರೊಫೆಷನಲ್ ಅಂತ ಹೇಳಬಹುದಾದ ಕ್ಲಬ್ ನಗೋಯಾ ಓಷನ್ಸ್ ಒಂದೇ. ಉಳಿದ ಕ್ಲಬ್‌ಗಳಲ್ಲಿ ಬಹಳ ಜನ ಬೇರೆ ಕೆಲಸ ಮಾಡಿಕೊಂಡು ಆಡುತ್ತಾರೆ. ನಮಗೆ ಇದು ತುಂಬಾ ಮುಖ್ಯ. ಎಲ್ಲರಿಗೂ ಮೊದಲ ದಿನವೇ ದೊಡ್ಡ ಸಂಬಳ ಕೊಡಬೇಕು ಅಂತ ಕೂತರೆ ಲೀಗ್ ಶುರುವಾಗುವುದೇ ಇಲ್ಲ, ಆದರೆ ತಿಂಗಳುಗಟ್ಟಲೆ ನಡೆಯುವ ಪಂದ್ಯಗಳ ಪಟ್ಟಿ ಇದ್ದರೆ ಕೆಲಸಕ್ಕೆ ಹೋಗುವವನೂ ಪ್ರಾಕ್ಟೀಸ್ ಮಾಡಿ, ಮುಂದಿನ ವರ್ಷ ಇನ್ನೂ ಚೆನ್ನಾಗಿ ಆಡುತ್ತಾನೆ.

ಸ್ಟಾರ್‌ಗಳನ್ನು ಅವರೂ ಕರೆಸಿದರು. ಪೋರ್ಚುಗಲ್‌ನ ರಿಕಾರ್ಡಿನ್ಯೊ, ಆ ಕಾಲದ ಫುಟ್‌ಸಾಲ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ, 2010ರಲ್ಲಿ ನಗೋಯಾಗೆ ಬಂದ. ಬಂದು ಕೈಬೀಸಿ ಹೋಗಲಿಲ್ಲ, ಲೀಗ್ ಪಂದ್ಯಗಳನ್ನು ಆಡಿದ, ಜಪಾನಿನ ಹುಡುಗರು ಅವನ ಜೊತೆಗೂ ಎದುರಿಗೂ ಆಡಿ ಕಲಿತರು. 2012ರ ಜನವರಿಯಲ್ಲಿ ಜಪಾನಿನ ಫುಟ್‌ಬಾಲ್ ತಾರೆ ಕಝು ಮಿಯುರಾ ಎಸ್ಪೊಲಾಡ ಹೊಕ್ಕೈಡೊ ಕ್ಲಬ್ ಪರ ಇಳಿದ, ಅದೇ ವರ್ಷ ಜಪಾನಿನ ಫುಟ್‌ಸಾಲ್ ವಿಶ್ವಕಪ್ ತಂಡದಲ್ಲೂ ಆಡಿದ. ಮೊದಲೇ ಗಟ್ಟಿ ನಿಂತಿದ್ದ ಲೀಗಿಗೆ ಆ ಹೆಸರಿನಿಂದ ಇನ್ನಷ್ಟು ಜನ ಬಂದರೆ ಲಾಭವೇ. ಮುಂದೆ 2012, 2014, 2022ರಲ್ಲಿ ಜಪಾನ್ ಮತ್ತೆ ಏಷ್ಯಾ ಗೆದ್ದಿತು. 2018ರಲ್ಲಿ ಎರಡನೇ ಡಿವಿಷನ್ ಕೂಡ ಬಂತು.

ಎಫ್ ಲೀಗಿನಲ್ಲಿ ಕೊರತೆ ಇಲ್ಲ ಅಂತಲ್ಲ. ಮೊದಲ ಒಂಬತ್ತು ಸೀಸನ್ ನಗೋಯಾ ಒಂದೇ ಗೆದ್ದಿತು. 2016-17ರಲ್ಲಿ ಶ್ರೈಕರ್ ಒಸಾಕಾ ಬಂದು ಆ ಸರಪಳಿ ಮುರಿಯಬೇಕಾಯಿತು. ದುಡ್ಡಿರುವ ಒಂದೇ ಕ್ಲಬ್ ಇದ್ದರೆ ಇದೇ ಆಗುವುದು. ನಮ್ಮಲ್ಲಿ ಶುರು ಮಾಡುವವರು ಖರ್ಚಿಗೆ ಒಂದು ಮಿತಿಯನ್ನು ಮೊದಲೇ ಹಾಕಲಿ.

ನಮ್ಮ ಕಡೆ ಈಗ ಪೂರ್ತಿ ಖಾಲಿ ಏನಿಲ್ಲ. ಫೆಡರೇಷನ್ನೇ 2021ರಲ್ಲಿ ದೆಹಲಿಯಲ್ಲಿ ಫುಟ್‌ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ಶುರು ಮಾಡಿತು. ಮೊದಲ ಫೈನಲ್‌ನಲ್ಲಿ ಡೆಲ್ಲಿ ಎಫ್‌ಸಿ, ಮೊಹಮ್ಮದನ್ ಸ್ಪೋರ್ಟಿಂಗ್ ತಂಡವನ್ನು 7-2ರಿಂದ ಸೋಲಿಸಿತು. 2023ರ ಅಕ್ಟೋಬರ್‌ನಲ್ಲಿ ತಜಿಕಿಸ್ತಾನದಲ್ಲಿ ನಡೆದ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಭಾರತ ತಂಡ ತನ್ನ ಮೊದಲ ಅಧಿಕೃತ ಟೂರ್ನಿ ಆಡಿತು. ದೊಡ್ಡ ಹೆಸರು ಇಲ್ಲ, ಹಾಡಿಲ್ಲ, ಪೋಸ್ಟರ್ ಇಲ್ಲ. ಆದರೂ ನನ್ನ ಲೆಕ್ಕದಲ್ಲಿ ಇದಕ್ಕೆ ಪ್ರೀಮಿಯರ್ ಫುಟ್‌ಸಾಲ್‌ಗಿಂತ ಒಂದು ಸ್ಟಾರ್ ಜಾಸ್ತಿ, ಯಾಕೆಂದರೆ ಇಲ್ಲಿ ಗೆದ್ದ ಆಟಗಾರನಿಗೆ ಮುಂದಿನ ಮೆಟ್ಟಿಲು ಕಾಣುತ್ತದೆ. ಕೊರತೆ ಅದೇ ಹಳೆಯದು. ಕೆಲವೇ ದಿನದಲ್ಲಿ ಒಂದೇ ಕಡೆ ಮುಗಿಯುವ ಟೂರ್ನಿ ಇದು. ಸೋತ ತಂಡ ಗಂಟುಮೂಟೆ ಕಟ್ಟಿ ಹೊರಟರೆ ಮತ್ತೆ ಈ ಮಟ್ಟದ ಆಟ ಸಿಗುವುದು ಇನ್ನೊಂದು ಸಲ ಅರ್ಹತೆ ಪಡೆದ ಮೇಲೆ.

ಹೆಣ್ಣುಮಕ್ಕಳ ಲೀಗ್ ಆಮೇಲೆ ನೋಡೋಣ ಅನ್ನುವ ಮಾತು ಮಾತ್ರ ಬೇಡ. ಜಪಾನಿನಲ್ಲಿ ಮಹಿಳೆಯರ ಲೀಗ್ ಇದೆ, 2025ರ ಏಷ್ಯನ್ ಕಪ್ ಗೆದ್ದದ್ದೂ ಅವರೇ. ಅದೇ ವರ್ಷ ಫಿಲಿಪ್ಪೀನ್ಸ್‌ನಲ್ಲಿ ಫಿಫಾದ ಮೊದಲ ಮಹಿಳಾ ಫುಟ್‌ಸಾಲ್ ವಿಶ್ವಕಪ್ ನಡೆಯಿತು. ಎರಡೂ ಒಟ್ಟಿಗೇ ಶುರುವಾಗಬೇಕು.

ಬೆಂಗಳೂರಿನಲ್ಲಿ ಆಡುವವರಿಗೆ ಬರ ಇಲ್ಲ. ಹಲಸೂರಿನ ಹತ್ತಿರದ ಗೌತಮಪುರಕ್ಕೆ ಹೋಗಿ ನೋಡಿ, ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿರುವ ಬಡಾವಣೆ ಅದು, ಆಸ್ಟಿನ್ ಟೌನ್ ಕೂಡ ಹಾಗೆಯೇ ಫುಟ್‌ಬಾಲ್ ಹುಚ್ಚಿನ ಜಾಗ. ಬರ ಇರುವುದು ಕೋರ್ಟಿಗೆ. ಇರುವ ಒಳಾಂಗಣ ಕ್ರೀಡಾಂಗಣಗಳನ್ನು ವಾರದಲ್ಲಿ ಎರಡು ಸಂಜೆ ಫುಟ್‌ಸಾಲ್‌ಗೆ ಬಿಟ್ಟುಕೊಟ್ಟರೆ ಎಂಟು ಕ್ಲಬ್‌ಗಳ ಒಂದು ರಾಜ್ಯ ಲೀಗ್ ಆರಾಮವಾಗಿ ನಡೆಯುತ್ತದೆ. ಶನಿವಾರ ಭಾನುವಾರ ಪಂದ್ಯ, ನಾಲ್ಕೈದು ತಿಂಗಳ ಸೀಸನ್, ಹೆಸರು ಬದಲಾಗದ ತಂಡಗಳು, ತರಬೇತಿ ಪಡೆದ ರೆಫ್ರಿಗಳು. ಇಂಥದ್ದು ಕೇರಳದಲ್ಲಿ, ಗೋವಾದಲ್ಲಿ, ಮಿಜೋರಾಂನಲ್ಲಿ, ದೆಹಲಿಯಲ್ಲಿ ಒಂದೊಂದು ಇರಲಿ. ಅವುಗಳಲ್ಲಿ ಗೆದ್ದವರು ಸೇರಿ ಆಡಿದರೆ ಅದೇ ರಾಷ್ಟ್ರೀಯ ಲೀಗ್. ರೊನಾಲ್ಡಿನೊ ಥರದವರನ್ನು ಕರೆಯುವುದು ಅದಾದ ಮೇಲೆ.

ಅಲ್ಲಿಯವರೆಗೆ ನೋಡಲು ಏನಾದರೂ ಬೇಕು ಅಂದರೆ 2024ರ ಫುಟ್‌ಸಾಲ್ ವಿಶ್ವಕಪ್ ಫೈನಲ್ ಹುಡುಕಿ ನೋಡಿ. ತಾಷ್ಕೆಂಟ್‌ನಲ್ಲಿ ನಡೆದಿದ್ದು, ಬ್ರೆಜಿಲ್ 2, ಅರ್ಜೆಂಟೀನಾ 1. ನೋಡುವಾಗ ಚೆಂಡಿನ ಹಿಂದೆ ಹೋಗಬೇಡಿ, ಚೆಂಡು ಇಲ್ಲದ ಮೂವರು ಎಲ್ಲಿಗೆ ಓಡುತ್ತಿದ್ದಾರೆ ಅಂತ ನೋಡಿ, ಆಮೇಲೆ ಟರ್ಫ್‌ಗೆ ಹೋದಾಗ ಒಮ್ಮೆ ಹಾಗೇ ಓಡಿ ನೋಡಿ.