ಮಕ್ಕಳ ಕಾರ್ ಸೀಟ್: ಎರಡು ವರ್ಷಕ್ಕೂ ಹೆಚ್ಚು ಬಳಸಿದ ಮೇಲೆ

ಮಗಳು ಕೂಸಾಗಿದ್ದಾಗ ತಗೊಂಡ ಸೀಟ್ ಇದು. ಈಗ ಅವಳಿಗೆ ಮೂರು ತುಂಬುತ್ತಾ ಬಂತು. ಹುಟ್ಟಿದಾಗಿನಿಂದ 18 ಕೆ.ಜಿ.ವರೆಗೆ ಬರುವ, ಮೊದಲು ಹಿಮ್ಮುಖವಾಗಿ, ಆಮೇಲೆ ಮುಮ್ಮುಖವಾಗಿ ಕೂರಿಸುವ ಮಾದರಿ. ಐಸೋಫಿಕ್ಸ್ ಇದೆ, ಅಂದರೆ ಬೆಲ್ಟ್ ಇಲ್ಲದೆ ಕಾರಿನಲ್ಲೇ ಇರುವ ಲೋಹದ ಕೊಂಡಿಗಳಿಗೆ ಸೀಟನ್ನು ಸಿಕ್ಕಿಸುವ ವ್ಯವಸ್ಥೆ. ಸೀಟಿನ ತಲೆಭಾಗವನ್ನು ಹಿಡಿದಿಡುವ ಮೇಲಿನ ಪಟ್ಟಿಯೂ ಇದೆ. ದಾವಣಗೆರೆ ಒಳಗಿನ ಓಡಾಟ ಬಿಟ್ಟರೆ ಹೆಚ್ಚಾಗಿ ಬಳಕೆಯಾಗಿದ್ದು ಹಿರಿಯೂರಿನ ತವರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ.

ಸೀಟ್ ಕೊಳ್ಳುವ ಮುಂಚೆ ನಿಮ್ಮ ಕಾರಿನ ಹಿಂದಿನ ಸೀಟ್ ನೋಡಿ. ನಮ್ಮ ಕಡೆ ಹೊಸ ಕಾರು ಬಂತೆಂದರೆ ಮೊದಲ ಕೆಲಸ ಸೀಟ್ ಕವರ್. ಹಿಂದಿನ ಬೆಲ್ಟಿನ ಬಕಲ್‌ಗಳು, ಐಸೋಫಿಕ್ಸ್ ಕೊಂಡಿಗಳು ಎಷ್ಟೋ ಕಾರುಗಳಲ್ಲಿ ಆ ಕವರಿನ ಅಡಿಗೇ ಸೇರಿಹೋಗಿರುತ್ತವೆ. ಅದನ್ನು ಬಿಡಿಸಿಕೊಳ್ಳದೆ ಎಷ್ಟು ದುಬಾರಿ ಸೀಟ್ ತಂದರೂ ಪ್ರಯೋಜನವಿಲ್ಲ. ಕೊಂಡಿ ಸಿಕ್ಕಿದರೆ ಮಾತ್ರ ಐಸೋಫಿಕ್ಸ್ ಸುಲಭ: ಟಕ್ ಎಂದು ಕೂರುತ್ತದೆ, ಹಸಿರು ಗುರುತು ಕಾಣುತ್ತದೆ. ಮುಮ್ಮುಖವಾಗಿ ತಿರುಗಿಸಿದ ಮೇಲೆ ಮೇಲಿನ ಪಟ್ಟಿಯನ್ನು ಹಿಂದಿನ ಕೊಂಡಿಗೆ ಬಿಗಿಯಬೇಕು, ಇದನ್ನು ಬಹಳ ಜನ ಹಾಗೇ ಬಿಡುತ್ತಾರೆ. ಸೀಟನ್ನು ಬುಡದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಜರುಗಬಾರದು. ಮಗುವನ್ನು ಕಟ್ಟಿದ ಮೇಲೆ ಅದರ ಭುಜದ ಹತ್ತಿರ ಪಟ್ಟಿಯ ಬಟ್ಟೆ ಬೆರಳಿಗೆ ಚಿವುಟಲು ಸಿಗಬಾರದು.

ಹಿಮ್ಮುಖವಾಗಿ ಕೂರಿಸಿದ್ದಕ್ಕೆ ಮನೆಯಲ್ಲಿ ದೊಡ್ಡ ತಕರಾರು. "ಕೂಸು ಅಳಾಕತ್ತೈತಿ, ಬಿಚ್ಚಿ ನನ್ನ ತೊಡೆ ಮೇಲೆ ಕೊಡವ್ವಾ" ಎನ್ನುತ್ತಿದ್ದರು ಅತ್ತೆ. ಅವರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಗಂಟೆಗೆ 50 ಕಿ.ಮೀ. ವೇಗದ ಡಿಕ್ಕಿ ಎಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಂತೆ. ಆ ಹೊತ್ತಿನಲ್ಲಿ ಯಾರ ತೋಳಿಗೂ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಹಿಮ್ಮುಖವಾಗಿದ್ದರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕಾಲು ಮಡಚಿಕೊಂಡಿರುತ್ತದೆ ಎಂದು ಬೇಗ ತಿರುಗಿಸುವ ಅಗತ್ಯವಿಲ್ಲ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಂತೂ ಹಿಮ್ಮುಖ ಸೀಟ್ ಇಡಲೇಬಾರದು. ಇದನ್ನೆಲ್ಲ ಕೂತು ವಿವರಿಸಿದ ಮೇಲೆ ಅತ್ತೆ ತಾವೂ ಹಿಂದಿನ ಬೆಲ್ಟ್ ಹಾಕಲು ಶುರುಮಾಡಿದರು. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು, ಅಷ್ಟೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ ಒಂದು ಸಾವಿರ ರೂಪಾಯಿ ದಂಡವೂ ಇದೆ.

ಇನ್ನು ಕುಂದುಗಳು. ಚಿತ್ರದುರ್ಗ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರು ನಿಲ್ಲಿಸಿದರೆ ಬಕಲ್‌ನ ಲೋಹ ಚರ್ಮ ಸುಡುವಷ್ಟು ಕಾಯುತ್ತದೆ. ಇಳಿಯುವಾಗ ಬಿಳಿ ಟವೆಲ್ ಹೊದಿಸಿ ಹೋಗುತ್ತೇವೆ, ಹತ್ತುವಾಗ ಮುಟ್ಟಿ ನೋಡುತ್ತೇವೆ. ಬಟ್ಟೆಗೆ ಗಾಳಿಯಾಡುವುದಿಲ್ಲ, ಹೆಬ್ಬಾಳು ಟೋಲ್ ದಾಟುವಷ್ಟರಲ್ಲಿ ಬೆನ್ನೆಲ್ಲ ಬೆವರು. ಅಗಲವೂ ಹೆಚ್ಚು, ಪಕ್ಕದಲ್ಲಿ ಇಬ್ಬರು ದೊಡ್ಡವರು ಕೂರುವುದು ಕಷ್ಟ. ಮಂಡಕ್ಕಿ ಚೂರು ಬಕಲ್ ಒಳಗೆ ಸೇರಿ ಅದು ಸರಿಯಾಗಿ ಕಚ್ಚಿಕೊಳ್ಳದೆ ಹೋದದ್ದುಂಟು. ಕೈಪಿಡಿ ನೋಡಿ ಬಿಸಿನೀರಲ್ಲಿ ತೊಳೆದೆವು, ಎಣ್ಣೆ ಹಾಕಲಿಲ್ಲ. ಕವರ್ ಒಗೆಯಬಹುದು, ಪಟ್ಟಿಗಳನ್ನು ಮಾತ್ರ ಮಷಿನ್‌ಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಷ್ಟಿದ್ದರೂ ಇಂಥದ್ದೇ ಸೀಟನ್ನು ಮತ್ತೆ ಕೊಳ್ಳುತ್ತೇನೆ. ಕಾರಿನಲ್ಲಿ ಐಸೋಫಿಕ್ಸ್ ಇಲ್ಲದವರು ಬೆಲ್ಟಿನಿಂದ ಬಿಗಿಯುವ ಸೀಟ್ ತಗೊಳ್ಳಿ. ಸರಿಯಾಗಿ ಬಿಗಿದರೆ ಅದೂ ಮಗುವನ್ನು ಕಾಯುತ್ತದೆ.

18 ಕೆ.ಜಿ. ದಾಟಿದ ಮೇಲೆ ಮಗಳಿಗೆ ಬೂಸ್ಟರ್ ಬೇಕು, ಅಂದರೆ ಕಾರಿನ ಬೆಲ್ಟೇ ಸರಿಯಾಗಿ ಬರುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟ್. ಆಗ ಈ ಸೀಟ್ ತನಗೆ ಬೇಕೆಂದು ಚಿತ್ರದುರ್ಗದ ತಂಗಿ ಕೇಳಿದ್ದಾಳೆ. ಅಪಘಾತ ಕಂಡಿಲ್ಲ, ಅಡಿಯಲ್ಲಿ ಅಚ್ಚೊತ್ತಿದ ಅವಧಿಯೂ ಮುಗಿದಿಲ್ಲ, ಕೈಪಿಡಿ ಸಮೇತ ಕೊಡುತ್ತೇನೆ. ಗುರುತಿಲ್ಲದವರಿಂದ ಹಳೆಯ ಸೀಟ್ ಕೊಳ್ಳಬೇಡಿ. ಒಮ್ಮೆ ಜೋರಾಗಿ ಗುದ್ದಿದ ಸೀಟ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು.